ಬಾಳಿಕೆಯ ಲೆಕ್ಕ: ಜಾಕೆಟ್ಟು, ಗುಡ್ಡ ಮತ್ತು ಕಂಬಳಿಕೊಪ್ಪೆ

2011ರ ನವೆಂಬರ್ 25, ಶುಕ್ರವಾರ. ಅಮೆರಿಕದ ಜನ ರಿಯಾಯಿತಿ ದರದ ಅಂಗಡಿಗಳ ಮುಂದೆ ಬೆಳಗಾಗುವ ಮೊದಲೇ ಸಾಲುಗಟ್ಟುವ ದಿನ. ಆ ದಿನದ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪೆಟಗೋನಿಯಾ ಎಂಬ ಬಟ್ಟೆ ಕಂಪನಿ ಒಂದು ಪೂರ್ತಿ ಪುಟದ ಜಾಹೀರಾತು ಕೊಟ್ಟಿತು. ಅದರಲ್ಲಿ ಅದೇ ಕಂಪನಿಯ ಒಂದು ಜಾಕೆಟ್ಟಿನ ಚಿತ್ರ, ಮೇಲೆ ದಪ್ಪ ಅಕ್ಷರದಲ್ಲಿ 'ಈ ಜಾಕೆಟ್ ಕೊಳ್ಳಬೇಡಿ' ಎಂಬ ಮಾತು. ಕೆಳಗೆ ಕಾರಣಗಳೂ ಇದ್ದವು. ಈ ಒಂದು ಜಾಕೆಟ್ಟಿಗೆ 135 ಲೀಟರ್ ನೀರು ಹಿಡಿದಿದೆ. ಗೋದಾಮು ಸೇರುವ ಹೊತ್ತಿಗೆ ತನ್ನ ತೂಕದ 24 ಪಟ್ಟು ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಟ್ಟಿದೆ. ತನ್ನ ತೂಕದ ಮೂರನೇ ಎರಡು ಪಾಲಿನಷ್ಟು ಕಸ ಉಳಿಸಿದೆ. ಬೇಕಿದ್ದರೆ ಮಾತ್ರ ಕೊಳ್ಳಿ.

ವ್ಯಾಪಾರದ ಇತಿಹಾಸದಲ್ಲಿ ಈ ಪುಟಕ್ಕೆ ದೊಡ್ಡ ಹೆಸರಿದೆ, ಎಂ.ಬಿ.ಎ. ತರಗತಿಗಳಲ್ಲಿ ಪಾಠವೂ ಆಗಿದೆ. ನನ್ನದು ಸಾಹಿತ್ಯದ ವಿದ್ಯಾರ್ಥಿಯ ಕಣ್ಣು. ಕನ್ನಡ ಕಥನದಲ್ಲಿ ದಿನಬಳಕೆಯ ವಸ್ತುಗಳು ಹೇಗೆ ಬರುತ್ತವೆ ಎಂಬುದು ನನ್ನ ಪಿಎಚ್.ಡಿ.ಯ ವಿಷಯ. ಹಾಗಾಗಿ ಈ ಜಾಹೀರಾತನ್ನೂ ಒಂದು ಪಠ್ಯವೆಂದೇ ಓದುತ್ತೇನೆ. ಓದಿದಾಗ ಮೊದಲು ಸಿಗುವುದು ಒಂದು ಸಣ್ಣ ಎಡವಟ್ಟು. 135 ಲೀಟರ್ ಎಂದರೆ 45 ಜನರ ಒಂದು ದಿನದ ಅಗತ್ಯ, ತಲೆಗೆ ಮೂರು ಲೋಟದಂತೆ ಎಂದು ಅದು ವಿವರಿಸುತ್ತದೆ. ಭಾಗಿಸಿ ನೋಡಿದರೆ ತಲೆಗೆ ಮೂರು ಲೀಟರ್ ಬರುತ್ತದೆ. ಒಂದು ಲೀಟರಿನ ಲೋಟ ಯಾರ ಮನೆಯಲ್ಲಿದೆಯೋ ಕಾಣೆ. ಇದು ಕಂಬಳಿಯಲ್ಲಿ ಊಟಕ್ಕೆ ಕೂತು ಕೂದಲು ಹುಡುಕುವ ಕೆಲಸ ಅನ್ನಿಸಬಹುದು. ಆದರೆ ಇಡೀ ಜಾಹೀರಾತಿನ ಬಲ ಇರುವುದೇ ಅದರ ಅಂಕಿಗಳಲ್ಲಿ. ಅಂಕಿ ಕೊಟ್ಟವರನ್ನು ನಾವು ಪ್ರಾಮಾಣಿಕರೆಂದು ನಂಬುತ್ತೇವೆ, ಆ ಅಂಕಿಯನ್ನು ಮಾತ್ರ ಲೆಕ್ಕ ಹಾಕಿ ನೋಡುವುದಿಲ್ಲ. ಕೊಳ್ಳಬೇಡಿ ಎಂದವರ ಮಾರಾಟ ಮುಂದಿನ ವರ್ಷ ಸುಮಾರು ಮೂರನೇ ಒಂದು ಪಾಲು ಹೆಚ್ಚಾಯಿತು ಎಂದು ವರದಿಗಳು ಬಂದವು.

ಇಷ್ಟು ಹೇಳಿ 'ಎಲ್ಲಾ ಬೂಟಾಟಿಕೆ' ಎಂದು ಮುಗಿಸಿಬಿಡುವುದು ಸುಲಭ. ನಮ್ಮ ವಿಮರ್ಶೆಗೆ ಈ ಸುಲಭದ ಚಟ ಇದೆ, ಎಲ್ಲಿ ಹಣ ಕಂಡರೂ ಅಲ್ಲಿ ಮೋಸ ಕಂಡು ಕೈತೊಳೆದುಕೊಳ್ಳುತ್ತೇವೆ. ಆದರೆ ಗುಡ್ಡ ಹತ್ತುವವರ ಬಟ್ಟೆ ಮಾರುವ ಈ ಕಂಪನಿಗಳೆಲ್ಲ ಒಂದೇ ಅಲ್ಲ. ಅವುಗಳ ಶೈಲಿ, ಗುಣಮಟ್ಟ, ಸುಸ್ಥಿರತೆಯ ಮಾತು ಮೂರನ್ನೂ ಬಿಡಿಸಿ ತೂಗಬೇಕು. ತೂಗಲು ಇಂಗ್ಲಿಷಿನಿಂದ ಅನುವಾದವಾಗಿ ಬಂದ 'ಸುಸ್ಥಿರತೆ'ಗಿಂತ ಒಳ್ಳೆಯ ತಕ್ಕಡಿ ಕನ್ನಡದಲ್ಲೇ ಇದೆ ಎಂಬುದು ನನ್ನ ವಾದ. ಆ ಮಾತು 'ಬಾಳಿಕೆ'. ಜವಳಿ ಅಂಗಡಿಯಲ್ಲಿ ನಮ್ಮ ತಾಯಂದಿರು ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡಿ ಕೇಳುವ ಮೊದಲ ಪ್ರಶ್ನೆ ಇದೇ ತಾನೆ, 'ಬಾಳಿಕೆ ಬರುತ್ತದಾ?' ಬಟ್ಟೆಗೂ ಒಂದು ಬಾಳು ಇದೆ ಎಂದು ಒಪ್ಪಿಕೊಂಡ ಮಾತು ಅದು.

ಮೊದಲು ಶೈಲಿ. ಈ ಕಂಪನಿಗಳ ಹೆಸರುಗಳನ್ನೇ ನೋಡಿ. ಪೆಟಗೋನಿಯಾ ಎಂಬುದು ದಕ್ಷಿಣ ಅಮೆರಿಕದ ತುದಿಯ ಒಂದು ಸೀಮೆ. ಅದರ ಲಾಂಛನದ ಶಿಖರಗಳು ಅಲ್ಲಿನ ಫಿಟ್ಜ್‌ರಾಯ್ ಸಾಲಿನವು. ಕಂಪನಿ ಕಟ್ಟಿದ ಇವಾನ್ ಶುನಾರ್ಡ್ 1968ರಲ್ಲಿ ಆ ಶಿಖರ ಹತ್ತಿದ್ದರು, ಜೊತೆಗೆ ನಾರ್ತ್ ಫೇಸ್ ಕಂಪನಿಯ ಸ್ಥಾಪಕ ಡಗ್ ಟಾಂಪ್ಕಿನ್ಸ್ ಇದ್ದರು. ನಾರ್ತ್ ಫೇಸ್ ಎಂದರೆ ಬೆಟ್ಟದ ಉತ್ತರದ ಮೈ. ಭೂಮಿಯ ಉತ್ತರಾರ್ಧದಲ್ಲಿ ಬಿಸಿಲು ಕಡಿಮೆ ಬೀಳುವ, ಹತ್ತಲು ಕಷ್ಟವಾದ ಮಗ್ಗುಲು ಅದು. ಕೆನಡಾದ ಆರ್ಕ್‌ಟೆರಿಕ್ಸ್ ತನ್ನ ಹೆಸರನ್ನೂ ಲಾಂಛನವನ್ನೂ ತೆಗೆದುಕೊಂಡದ್ದು ಆರ್ಕಿಯಾಪ್ಟೆರಿಕ್ಸ್ ಎಂಬ ಆದಿಹಕ್ಕಿಯ ಪಳೆಯುಳಿಕೆಯಿಂದ. ಫ್ರಾನ್ಸಿನ ಡೆಕತ್ಲಾನ್ 1997ರಲ್ಲಿ ತನ್ನ ಬೆಟ್ಟದ ಸರಕಿಗೆ ಇಟ್ಟ ಹೆಸರು ಕೆಚುವಾ. ಅದು ಆಂಡಿಸ್ ಪರ್ವತದ ಒಂದು ಜನಾಂಗದ, ಅವರ ಭಾಷೆಯ ಹೆಸರು. ಆ ಜನ ಶತಮಾನಗಳಿಂದ ಉಣ್ಣೆ ನೇಯುತ್ತ ಬಂದವರು. ಅವರ ಹೆಸರು ಹೊತ್ತು ಬೆಂಗಳೂರಿನಲ್ಲಿ ಮಾರಾಟವಾಗುವ ಜಾಕೆಟ್ಟು ಮಾತ್ರ ಪಾಲಿಯೆಸ್ಟರಿನದು.

ಹೆಸರಿನಲ್ಲಿ ಬೆಟ್ಟ ಮಾರುವವರಿಗೆ ಕೊಳ್ಳುವವರು ಬೆಟ್ಟಕ್ಕೆ ಹೋಗಲೇಬೇಕೆಂದೇನೂ ಇಲ್ಲ. 2017ರಿಂದೀಚೆಗೆ ಪಟ್ಟಣದ ಬೀದಿಯಲ್ಲಿ ಚಾರಣದ ಉಡುಪು ತೊಡುವ ಫ್ಯಾಷನ್ನಿಗೆ 'ಗೋರ್ಪ್‌ಕೋರ್' ಎಂಬ ಹೆಸರೇ ಬಂದಿದೆ. ಗೋರ್ಪ್ ಅಂದರೆ ಚಾರಣಿಗರು ಜೇಬಿನಲ್ಲಿಟ್ಟುಕೊಂಡು ತಿನ್ನುವ ದ್ರಾಕ್ಷಿ–ಕಡಲೆಬೀಜದ ಮಿಶ್ರಣ. ನಾರ್ತ್ ಫೇಸ್ ಗುಚ್ಚಿಯ ಜೊತೆ ಸೇರಿ ಬಟ್ಟೆ ಬಿಡುಗಡೆ ಮಾಡಿತು. ಹಿಮದಲ್ಲಿ ಜೀವ ಉಳಿಸಲೆಂದು ಹುಟ್ಟಿದ ರೂಪ ಕಾಫಿ ಅಂಗಡಿಯ ಏಸಿಯೊಳಗೆ ಕೂತಿದೆ. ಇದರಲ್ಲಿ ತಪ್ಪೇನಿದೆ ಎಂದು ಕೇಳಬಹುದು. ಜೀನ್ಸ್ ಪ್ಯಾಂಟೂ ಒಂದು ಕಾಲಕ್ಕೆ ಕೂಲಿಯವರ ಉಡುಪೇ ಆಗಿತ್ತಲ್ಲ. ನನ್ನ ತಕರಾರು ಬೇರೆ. ಬೆಟ್ಟ ಬರೀ ಚಿತ್ರವಾದಾಗ ಅದನ್ನು ಹೇಗೆ ಬೇಕಾದರೂ ಬಳಸಬಹುದು ಎಂಬ ಧೈರ್ಯ ಬರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಆರ್ಕ್‌ಟೆರಿಕ್ಸ್ ಇದನ್ನು ತೋರಿಸಿಕೊಟ್ಟಿತು. ಟಿಬೆಟಿನ ಹಿಮಾಲಯದ ಸುಮಾರು 5,500 ಮೀಟರ್ ಎತ್ತರದ ಇಳಿಜಾರಿನಲ್ಲಿ, ಕಲಾವಿದ ಸೈ ಗುವೋ-ಚಿಯಾಂಗ್ ಅವರ ಕೈಯಲ್ಲಿ ಡ್ರ್ಯಾಗನ್ ಆಕಾರದ ಪಟಾಕಿ ಹೊಡೆಸಿತು. ಬಳಸಿದ ಸಾಮಗ್ರಿ ಮಣ್ಣಲ್ಲಿ ಕರಗುವಂಥದು ಎಂಬ ಸಮಾಧಾನವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಚೀನಾದಲ್ಲೇ ದೊಡ್ಡ ಗದ್ದಲವಾಗಿ ಕಂಪನಿಯೂ ಕಲಾವಿದರೂ ಕ್ಷಮೆ ಕೇಳಬೇಕಾಯಿತು. ಬೆಟ್ಟದ ಮೇಲಿನ ಗೌರವವೇ ತನ್ನ ಬಂಡವಾಳ ಎನ್ನುವ ಕಂಪನಿ ಬೆಟ್ಟವನ್ನು ರಂಗಮಂಚದ ಪರದೆಯಂತೆ ಕಂಡಿತು. ಶೈಲಿಯ ಪರೀಕ್ಷೆಯಲ್ಲಿ ಇದಕ್ಕಿಂತ ದೊಡ್ಡ ಸೋಲು ನನಗೆ ಕಾಣುವುದಿಲ್ಲ.

ಇನ್ನು ಗುಣಮಟ್ಟ. ಇಲ್ಲಿ ಮಾತು ಸ್ವಲ್ಪ ನಿಧಾನವಾಗಬೇಕು, ಯಾಕೆಂದರೆ ಬೆಲೆ ಏರುವುದೇ ಇಲ್ಲಿ. 1969ರಲ್ಲಿ ಬಾಬ್ ಗೋರ್ ಒಂದು ಬಗೆಯ ಪ್ಲಾಸ್ಟಿಕ್ಕನ್ನು ಥಟ್ಟನೆ ಎಳೆದಾಗ ಅದು ಅಸಂಖ್ಯ ಸೂಕ್ಷ್ಮ ರಂಧ್ರಗಳ ಪೊರೆಯಾಯಿತು. ಮುಂದೆ ಗೋರ್‌ಟೆಕ್ಸ್ ಎಂದು ಹೆಸರಾದದ್ದು ಅದೇ. ಮಳೆಹನಿ ತೂರಲಾರದಷ್ಟು ಸಣ್ಣ, ಬೆವರಿನ ಆವಿ ಮಾತ್ರ ಹೊರಹೋಗುವಷ್ಟು ದೊಡ್ಡ ರಂಧ್ರಗಳು. ಮಳೆ ಒಳಗೆ ಬಾರದು, ಬೆವರು ಒಳಗೆ ನಿಲ್ಲದು. ದುಬಾರಿ ಜಾಕೆಟ್ಟುಗಳೆಲ್ಲ ಮಾರುವುದು ಈ ಭರವಸೆಯನ್ನು.

ಈ ಭರವಸೆಗೆ ಒಂದು ಷರತ್ತಿದೆ, ಅದನ್ನು ಚೀಟಿಯಲ್ಲಿ ಬರೆದಿರುವುದಿಲ್ಲ. ಆವಿ ಹೊರಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು, ತಣ್ಣಗಿರಬೇಕು. ಆಲ್ಪ್ಸ್‌ನಲ್ಲಿ, ರಾಕಿ ಪರ್ವತದಲ್ಲಿ ಹಾಗೆ ಇರುತ್ತದೆ. ಆಗುಂಬೆಯಲ್ಲಿ ಜುಲೈ ತಿಂಗಳಿನಲ್ಲಿ? ಗಾಳಿಯೇ ನೀರಾಗಿ ನಿಂತಿರುತ್ತದೆ, ಸೆಕೆಯೂ ಇರುತ್ತದೆ. ಆವಿ ಹೋಗಲು ಜಾಗವಿಲ್ಲ. ಜೊತೆಗೆ ಜಾಕೆಟ್ಟಿನ ಹೊರಮೈಗೆ ಬಳಿದ ನೀರು ಜಾರಿಸುವ ಲೇಪ ಕೆಲವು ತಾಸಿನ ಜಡಿಮಳೆಗೆ ಸೋತು, ಮೇಲ್ಬಟ್ಟೆ ನೆನೆದು ಮೈಗೆ ಅಂಟುತ್ತದೆ. ಕೊನೆಗೆ ಒಳಗಿನವರು ಒದ್ದೆಯಾಗುವುದು ಮಳೆಯಿಂದಲೋ ಬೆವರಿನಿಂದಲೋ ಎಂಬುದಷ್ಟೇ ಪ್ರಶ್ನೆ. ಕ್ಷೇತ್ರಕಾರ್ಯಕ್ಕೆಂದು ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆ ತಿರುಗುವ ನನಗೆ ಇದು ಪುಸ್ತಕದ ಜ್ಞಾನವಲ್ಲ. ಅಲ್ಲಿ ನಾನು ನೋಡಿದ ಅತ್ಯಂತ ಕೆಲಸಕ್ಕೆ ಬರುವ ಮಳೆಯುಡುಪು ಕೊಡೆ.

ಇನ್ನೊಂದು ಸಂಗತಿ. ಕಡಿಮೆ ಬೆಲೆಯ ಜಾಕೆಟ್ಟುಗಳಲ್ಲಿ ಈ ಪೊರೆಯ ಬದಲು ಪಾಲಿಯುರೆಥೇನ್ ಲೇಪ ಇರುತ್ತದೆ. ತೇವಕ್ಕೆ ಅದು ಮೆಲ್ಲಗೆ ಒಡೆಯುತ್ತದೆ. ಮಲೆನಾಡಿನ ಕಪಾಟಿನಲ್ಲಿ ಎರಡು ಮೂರು ಮಳೆಗಾಲ ಕಳೆದ ಜಾಕೆಟ್ಟಿನ ಒಳಮೈ ಕೈಗೆ ಅಂಟಂಟಾಗಿ, ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಉದುರುವುದು ಇದೇ ಕಾರಣಕ್ಕೆ. ಬೂಷ್ಟು ಬೇರೆ. ಹರಿದರೆ ಊರಿನ ಟೈಲರ್ ಹೊಲಿಯಬಹುದಲ್ಲ ಎಂದರೆ ಅದೂ ಪೂರ್ತಿ ಆಗದು. ಪ್ರತಿ ಸೂಜಿ ತೂತೂ ನೀರಿಗೆ ಒಂದು ಬಾಗಿಲು. ಕಾರ್ಖಾನೆಯಲ್ಲಿ ಹೊಲಿಗೆಯ ಮೇಲೆ ಬಿಸಿಯಲ್ಲಿ ಪಟ್ಟಿ ಅಂಟಿಸಿ ಅದನ್ನು ಮುಚ್ಚಿರುತ್ತಾರೆ, ಬಸ್‌ಸ್ಟ್ಯಾಂಡ್ ಎದುರಿನ ಟೈಲರ್ ಹತ್ತಿರ ಆ ಯಂತ್ರ ಇರುವುದಿಲ್ಲ. ಹಾಗೆ ನೋಡಿದರೆ ಕೆಲವೇ ನೂರು ರೂಪಾಯಿಗೆ ಸಿಗುವ ಕೆಚುವಾದ ಸಾದಾ ಫ್ಲೀಸ್ ಅಂಗಿಯೇ ಹೆಚ್ಚು ಬಾಳಿಕೆಯದು. ಅದರಲ್ಲಿ ಕೆಡಲು ಹೆಚ್ಚೇನೂ ಇಲ್ಲ, ಜಿಪ್ಪು ಹೋದರೆ ಯಾರು ಬೇಕಾದರೂ ಬದಲಿಸಿ ಕೊಡುತ್ತಾರೆ. ಬೆಲೆ ಹೆಚ್ಚಾದಷ್ಟೂ ಬಾಳಿಕೆ ಹೆಚ್ಚು ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಒಂದು ಬಟ್ಟೆಯ ಗುಣ ಬಟ್ಟೆಯೊಳಗೇ ಇರುವುದಿಲ್ಲ. ಅದು ಬಟ್ಟೆ, ಹವೆ ಮತ್ತು ಹತ್ತಿರದ ಟೈಲರ್ ಮೂವರ ನಡುವೆ ಇರುತ್ತದೆ.

ಈಗ ಸುಸ್ಥಿರತೆ. ಇಲ್ಲಿ ಪೆಟಗೋನಿಯಾಕ್ಕೆ ಸಲ್ಲಬೇಕಾದ್ದು ಸಲ್ಲಬೇಕು. ಶುನಾರ್ಡ್ ಮೊದಲು ಬಟ್ಟೆಯವರಲ್ಲ, ಕಮ್ಮಾರರು. ಬಂಡೆಯ ಬಿರುಕಿಗೆ ಬಡಿಯುವ ಉಕ್ಕಿನ ಮೊಳೆಗಳನ್ನು ತಯಾರಿಸಿ ಮಾರುತ್ತಿದ್ದರು. ಆ ಮೊಳೆಗಳು ಬಂಡೆಗಳನ್ನೇ ಹಾಳುಮಾಡುತ್ತಿವೆ ಎಂದು ಕಂಡಾಗ, ಅದೇ ತಮ್ಮ ಮುಖ್ಯ ವ್ಯಾಪಾರವಾಗಿದ್ದರೂ ಅದರಿಂದ ಹಿಂದೆ ಸರಿದರು. ಮೊಳೆ ಬಡಿಯದೆ ಹತ್ತುವುದು ಹೇಗೆ ಎಂಬ ದೀರ್ಘ ಲೇಖನವನ್ನು 1972ರ ಮಾರಾಟದ ಕ್ಯಾಟಲಾಗಿನಲ್ಲೇ ಅಚ್ಚು ಹಾಕಿಸಿದರು. ಪೆಟಗೋನಿಯಾ ಶುರುವಾದದ್ದು 1973ರಲ್ಲಿ. 1993ರಲ್ಲಿ ಬಳಸಿ ಬಿಸಾಡಿದ ಪ್ಲಾಸ್ಟಿಕ್ ಬಾಟಲಿಗಳಿಂದ ಫ್ಲೀಸ್ ಮಾಡತೊಡಗಿತು. 1996ರಲ್ಲಿ ಹತ್ತಿಯನ್ನೆಲ್ಲ ಸಾವಯವಕ್ಕೆ ಬದಲಿಸಿತು. 2022ರಲ್ಲಿ ಶುನಾರ್ಡ್ ಕುಟುಂಬ ಇಡೀ ಕಂಪನಿಯ ಒಡೆತನವನ್ನೇ ಬಿಟ್ಟುಕೊಟ್ಟಿತು. ಮತದ ಹಕ್ಕಿನ 2 ಶೇಕಡಾ ಷೇರು ಒಂದು ಟ್ರಸ್ಟಿಗೆ, ಉಳಿದ 98 ಶೇಕಡಾ ಪರಿಸರದ ಕೆಲಸಕ್ಕೆಂದೇ ಮಾಡಿದ ಸಂಸ್ಥೆಗೆ. ಇದನ್ನು ನಾಟಕವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದರೆ ಬಾಟಲಿಯಿಂದ ಆದ ಫ್ಲೀಸ್ ಕೂಡ ಪ್ಲಾಸ್ಟಿಕ್ಕೇ. ಪ್ರತಿ ಸಲ ಒಗೆದಾಗಲೂ ಅದರಿಂದ ಕಣ್ಣಿಗೆ ಕಾಣದ ಎಳೆಗಳು ಉದುರಿ ನೀರು ಸೇರುತ್ತವೆ. ಇದನ್ನು ಅಳೆದು ತೋರಿಸಿದ ಅಧ್ಯಯನಗಳಲ್ಲಿ ಒಂದಕ್ಕೆ ಹಣ ಕೊಟ್ಟದ್ದು ಪೆಟಗೋನಿಯಾವೇ. ನೀರು ಜಾರಿಸುವ ಲೇಪದಲ್ಲಿದ್ದ ಪಿಎಫ್‌ಎಎಸ್ ಎಂಬ ರಾಸಾಯನಿಕಗಳು ಪರಿಸರದಲ್ಲಿ ಒಡೆಯುವುದೇ ಇಲ್ಲ ಎನ್ನುವಷ್ಟು ಗಟ್ಟಿ. ಅವನ್ನು ಬಟ್ಟೆಯಲ್ಲಿ ಬಳಸುವುದನ್ನು ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ ನಿಷೇಧಿಸಿತು. ಕಂಪನಿಗಳು ಬದಲಾದದ್ದರ ಹಿಂದೆ ಆತ್ಮಸಾಕ್ಷಿಯಷ್ಟೇ ಕಾನೂನಿನ ಕೈಯೂ ಇದೆ. ಗುಡ್ಡವನ್ನು ಪ್ರೀತಿಸುವವರ ಮೈಮೇಲಿನ ಅಂಗಿ ದಶಕಗಳ ಕಾಲ ಅದೇ ಗುಡ್ಡದ ನೀರಿಗೆ ಅಳಿಯದ ವಿಷ ಬಿಡುತ್ತಿತ್ತು ಎಂಬುದು ಈ ಉದ್ಯಮದ ದೊಡ್ಡ ವ್ಯಂಗ್ಯ.

ಪೆಟಗೋನಿಯಾದ ಕೆಲಸಗಳಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ರಿಪೇರಿ. ಹರಿದದ್ದನ್ನು ಹೊಲಿದು ಕೊಡುತ್ತಾರೆ, ಹಳತನ್ನು ವಾಪಸು ಪಡೆದು ಮತ್ತೆ ಮಾರುತ್ತಾರೆ. 2021ರಲ್ಲಿ ಅವರು ಇನ್ನೊಂದು ಕುತೂಹಲದ ತೀರ್ಮಾನ ಮಾಡಿದರು. ಐಟಿ, ಬ್ಯಾಂಕ್ ಕಂಪನಿಗಳು ತಮ್ಮ ನೌಕರರಿಗೆ ಹಂಚಲು ಕೊಳ್ಳುವ ಜಾಕೆಟ್ಟುಗಳ ಮೇಲೆ ಆ ಕಂಪನಿಗಳ ಲಾಂಛನ ಹೊಲಿದು ಕೊಡುವುದನ್ನು ನಿಲ್ಲಿಸಿದರು. ಕಾರಣ, ಲಾಂಛನ ಇರುವ ಬಟ್ಟೆಯನ್ನು ಕೆಲಸ ಬಿಟ್ಟ ಮೇಲೆ ಯಾರೂ ಹಾಕುವುದಿಲ್ಲ, ಇನ್ನೊಬ್ಬರಿಗೆ ದಾಟಿಸುವುದೂ ಇಲ್ಲ. ಬಟ್ಟೆ ಗಟ್ಟಿಯಾಗಿದ್ದರೂ ಲಾಂಛನ ಅದರ ಆಯಸ್ಸು ಕಡಿಮೆ ಮಾಡುತ್ತದೆ.

ಅಮೆರಿಕಕ್ಕೆ ಈ ಮಾತು ನಿಜವಿರಬೇಕು. ಬೆಂಗಳೂರಿಗೆ ಅಲ್ಲ. ಇಲ್ಲಿ ಸಾಫ್ಟ್‌ವೇರ್ ಕಂಪನಿಯ ಹೆಸರು ಬೆನ್ನ ಮೇಲಿರುವ ಟೀ ಶರ್ಟು ಎರಡು ವರ್ಷದ ನಂತರ ಮನೆಗೆಲಸದವರ ಮಗನ ಮೈಮೇಲಿರುತ್ತದೆ, ಆಮೇಲೆ ಸೆಂಟ್ರಿಂಗ್ ಕೆಲಸದವರ ಮೈಮೇಲೆ, ಕೊನೆಗೆ ಸ್ಕೂಟರ್ ಒರೆಸುವ ಬಟ್ಟೆಯಾಗಿ. ಕಾಫಿ ತೋಟದ ಹೆಣ್ಣಾಳುಗಳು ಸೀರೆಯ ಮೇಲೆ ತೊಡುವ ತುಂಬುತೋಳಿನ ಅಂಗಿ ಮನೆಯ ಗಂಡಸರದ್ದೋ ತೋಟದ ಮನೆಯವರದ್ದೋ ಆಗಿರುತ್ತದೆ. ಉತ್ತರ ಕರ್ನಾಟಕದ ಕೌದಿಯಲ್ಲಿ ಮೂರು ತಲೆಮಾರಿನ ಸೀರೆಗಳು ಒಂದರ ಮೇಲೊಂದು ಮಲಗಿರುತ್ತವೆ. ಯೂರಿಯಾ ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ಮಡಿಚಿ ತಲೆಗೆ ಹಾಕಿಕೊಂಡರೆ ಗದ್ದೆ ನೆಟ್ಟಿಗೆ ಕೊಪ್ಪೆ ತಯಾರು. ಇದೆಲ್ಲ ಮರುಬಳಕೆಯೇ. ಆದರೆ ಇದಕ್ಕೆ ಯಾವ ಪ್ರಮಾಣಪತ್ರವೂ ಇಲ್ಲ, ಇದನ್ನು ಯಾರೂ ಸುಸ್ಥಿರತೆ ಎಂದು ಕರೆಯುವುದಿಲ್ಲ, ಬಡತನ ಎಂದು ಕರೆಯುತ್ತಾರೆ. ಕೊಳ್ಳಬಲ್ಲವರು ಕೊಳ್ಳದಿದ್ದರೆ ಅದು ಮೌಲ್ಯ. ಕೊಳ್ಳಲಾರದವರು ಕೊಳ್ಳದಿದ್ದರೆ ಅದು ಕೊರತೆ. ಈ ಹೊಸ ಪರಿಸರ ಭಾಷೆಯ ಮೇಲೆ ನನಗಿರುವ ಮುಖ್ಯ ಆಕ್ಷೇಪ ಇದೇ.

ಇಲ್ಲಿ ಕಂಬಳಿಯ ಮಾತು ಬರಲೇಬೇಕು. 1967ರಲ್ಲಿ ಬಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಕಂಬಳಿಕೊಪ್ಪೆ ಹೊಸತಲ್ಲ. ಅಲ್ಲಿ ಅದು ಮಳೆಗೆ ಮರೆ, ಚಳಿಗೆ ಹೊದಿಕೆ, ಕೂರಲು ಹಾಸು. ದಖ್ಖನಿ ಕುರಿಯ ಒರಟು ಕಪ್ಪು ಉಣ್ಣೆಯನ್ನು ನೂತು, ಗುಣಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಸರಿ ಹಚ್ಚಿ ಗಟ್ಟಿ ಮಾಡಿದ ಕಂಬಳಿ ನೀರನ್ನು ಬೇಗ ಒಳಗೆ ಬಿಡುವುದಿಲ್ಲ, ನೆನೆದ ಮೇಲೂ ಮೈ ಬೆಚ್ಚಗಿಡುತ್ತದೆ. ಚಳ್ಳಕೆರೆ, ಮೆಡ್ಲೇರಿಯ ಹೆಸರು ಇಂದಿಗೂ ಅದರ ಜೊತೆಗಿದೆ. ಕುರಿ, ಕುರುಬರು, ಮಗ್ಗ, ಬಳಸುವವರು ಎಲ್ಲ ನಾಲ್ಕಾರು ದಿನದ ನಡಿಗೆಯೊಳಗೆ.

ಆದರೆ ಕಂಬಳಿಯನ್ನು ಹಾಡಿ ಹೊಗಳಿ ಜಾಕೆಟ್ಟನ್ನು ಬಯ್ಯುವ ಲೇಖನಗಳು ನಮ್ಮಲ್ಲಿ ಸಾಕಷ್ಟಿವೆ. ಅದಕ್ಕೊಂದು ಸೇರಿಸಲು ನನಗಿಷ್ಟವಿಲ್ಲ. ನೆನೆದ ಕಂಬಳಿ ಹೆಣಭಾರ. ಒಣಗಲು ದಿನಗಟ್ಟಲೆ ಬೇಕು, ಮೈಗೆ ಚುಚ್ಚುತ್ತದೆ, ವಾಸನೆ ಬರುತ್ತದೆ. ಅದನ್ನು ಹೊದ್ದು ಮಳೆಯಲ್ಲಿ ದುಡಿದವರಿಗೆ ಬೇರೆ ಆಯ್ಕೆ ಇರಲಿಲ್ಲ. ಇವತ್ತು ಕುರಿ ಕಾಯುವವರೇ ಪ್ಲಾಸ್ಟಿಕ್ ರೈನ್‌ಕೋಟ್ ಹಾಕಿಕೊಂಡರೆ ಅದು ಸಂಸ್ಕೃತಿಯ ಪತನವಲ್ಲ, ಹಗುರವಾದದ್ದನ್ನು ಬಯಸುವ ಸಹಜ ಹಕ್ಕು. ಕಂಬಳಿಯಿಂದ ನಾವು ಕಲಿಯಬೇಕಾದದ್ದು ಒಂದೇ, ಅದು ಯಾವ ಹವೆಗಾಗಿ, ಯಾರ ಕೈಯಲ್ಲಿ ಆಯಿತು ಎಂಬುದು ಬಳಸುವವರಿಗೆ ಗೊತ್ತಿತ್ತು. ನೇಯ್ದವರ ಮುಖ ಗೊತ್ತಿತ್ತು.

ಜಾಕೆಟ್ಟು ಹೊಲಿದವರ ಮುಖ ನಮಗೆ ಗೊತ್ತಿಲ್ಲ. ಇದು ಬಾಳಿಕೆಯ ಲೆಕ್ಕದ ಕೊನೆಯ ಮತ್ತು ಎಲ್ಲಕ್ಕಿಂತ ಭಾರದ ಕಲಂ. ಬೆಂಗಳೂರು ದೇಶದ ದೊಡ್ಡ ಗಾರ್ಮೆಂಟ್ಸ್ ಪಟ್ಟಣಗಳಲ್ಲೊಂದು, ಹೊಲಿಯುವವರಲ್ಲಿ ಬಹುಪಾಲು ಹೆಂಗಸರು. 2016ರ ಏಪ್ರಿಲ್ 18 ಮತ್ತು 19ರಂದು ಅವರಲ್ಲಿ ಸಾವಿರಾರು ಮಂದಿ ಕಾರ್ಖಾನೆ ಬಿಟ್ಟು ಬೆಂಗಳೂರಿನ ಹೆದ್ದಾರಿಗಳಿಗೆ ಇಳಿದರು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಎರಡನೇ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದೆ ಪಡೆಯಿತು. ಆ ಸಿಟ್ಟನ್ನು ನಾನು ಹೀಗೆ ಓದುತ್ತೇನೆ: ಈ ಕೆಲಸದಲ್ಲಿ 58ರವರೆಗೆ ಮೈ ಬಾಳಿಕೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ದಿನವಿಡೀ ಒಂದೇ ಕಾಲರು, ಒಂದೇ ತೋಳು ಹೊಲಿಯುವ ಕಣ್ಣು, ಸೊಂಟ, ಮಂಡಿ ಅಷ್ಟು ದೂರ ಬರುವುದಿಲ್ಲ.

ಜಾಕೆಟ್ಟಿಗೆ ಜೀವಮಾನದ ಗ್ಯಾರಂಟಿ ಕೊಡುವ ಕಂಪನಿಗಳಿವೆ, ಹೊಲಿದವರ ಸೊಂಟಕ್ಕೆ ಗ್ಯಾರಂಟಿ ಕೊಟ್ಟವರಿಲ್ಲ. ಇಲ್ಲೂ ಪೆಟಗೋನಿಯಾ ಉಳಿದವರಿಗಿಂತ ಒಂದು ಹೆಜ್ಜೆ ಮುಂದಿದೆ. ತನ್ನ ಕಾರ್ಖಾನೆಗಳ ಪಟ್ಟಿ ಪ್ರಕಟಿಸುತ್ತದೆ, 2014ರಿಂದ ಕೆಲವು ಕಾರ್ಖಾನೆಗಳ ಹೊಲಿಗೆಗೆ ಫೇರ್ ಟ್ರೇಡ್ ಹೆಚ್ಚುವರಿ ಹಣ ಕೊಡುತ್ತದೆ. ಆದರೂ ಅದಕ್ಕೆ ಬಟ್ಟೆ ಪೂರೈಸುವ ತೈವಾನಿನ ಮಿಲ್ಲುಗಳಲ್ಲಿ ವಲಸೆ ಕಾರ್ಮಿಕರು ದಲ್ಲಾಳಿಗಳ ಸಾಲದಲ್ಲಿ ಸಿಕ್ಕಿಕೊಂಡಿದ್ದು ಅದರದೇ ತಪಾಸಣೆಯಲ್ಲಿ ಬಯಲಾಯಿತು. ಇಷ್ಟು ಎಚ್ಚರದ ಕಂಪನಿಯ ಕಥೆಯೇ ಹೀಗಾದರೆ, ತಪಾಸಣೆಯ ಫಲಿತಾಂಶ ಹೇಳಿಕೊಳ್ಳದವರ ಕಥೆ ಏನಿರಬಹುದು?

ಹಾಗಾದರೆ ತೀರ್ಪು ಏನು? ಆರ್ಕ್‌ಟೆರಿಕ್ಸ್‌ನ ಹೊಲಿಗೆ ಅದ್ಭುತ, ಹಿಮದಲ್ಲಿ ಅದು ಬೆಲೆಗೆ ತಕ್ಕದ್ದೇ ಇರಬಹುದು. ನಮ್ಮ ಸೆಕೆಯ ಮಳೆಗೆ ಅದು ಅಲಂಕಾರ, ಹಿಮಾಲಯದ ಪಟಾಕಿಯ ನಂತರ ಅದರ ಬೆಟ್ಟದ ಭಕ್ತಿಯ ಮಾತನ್ನು ನಂಬಲಾರೆ. ನಾರ್ತ್ ಫೇಸ್ ಈಗ ಹೆಚ್ಚಾಗಿ ಬೀದಿಯ ಬಟ್ಟೆ. ಡೆಕತ್ಲಾನ್ ಸಂಬಳ ಕಡಿಮೆ ಇರುವವರಿಗೂ ಗುಡ್ಡದ ದಾರಿ ತೆರೆಯಿತು. ಫೆಲೋಶಿಪ್ ಹಣ ಯಾವಾಗ ಬರುತ್ತದೋ ಎಂದು ಕಾಯುವ ನನ್ನಂಥವರು ಅದನ್ನು ಕೀಳಾಗಿ ಕಾಣುವಂತಿಲ್ಲ. ಆದರೆ ಅಷ್ಟು ಅಗ್ಗವಾದದ್ದನ್ನು ಹರಿದಾಗ ಹೊಲಿಸುವ ಮನಸ್ಸು ಬರುವುದು ಕಡಿಮೆ, ಅದರ ಅಪಾಯ ಅಲ್ಲಿದೆ. ಪೆಟಗೋನಿಯಾ ಇವರೆಲ್ಲರಿಗಿಂತ ನಿಜ ಹೇಳುತ್ತದೆ. ಆದರೆ ಕೊಳ್ಳಬೇಡಿ ಎನ್ನುತ್ತಲೇ ಬೆಳೆಯುವ ತನ್ನ ವಿರೋಧಾಭಾಸಕ್ಕೆ ಅದರ ಹತ್ತಿರವೂ ಉತ್ತರವಿಲ್ಲ.

ಒಳ್ಳೆಯ ಬ್ರಾಂಡ್ ಯಾವುದು ಎಂದು ನನ್ನ ಜೊತೆಯ ಸಂಶೋಧಕರು ಕೇಳುತ್ತಾರೆ. ನಾನು ಮೂರು ಪ್ರಶ್ನೆ ಹೇಳುತ್ತೇನೆ. ಇದು ನಾನು ಓಡಾಡುವ ಹವೆಗೆ ಆದದ್ದೇ? ಹರಿದರೆ ನನ್ನ ಊರಿನಲ್ಲಿ ಹೊಲಿಯಬಲ್ಲವರು ಇದ್ದಾರೆಯೇ? ನನಗೆ ಸಾಕಾದ ಮೇಲೆ ಇದನ್ನು ಇನ್ನೊಬ್ಬರು ಸಂಕೋಚವಿಲ್ಲದೆ ತೊಡಬಹುದೇ? ಮೂರಕ್ಕೂ ಹೌದು ಎನ್ನುವ ಬಟ್ಟೆ ಬಹುಪಾಲು ನಮ್ಮ ಕಪಾಟಿನಲ್ಲಿ ಆಗಲೇ ಇರುತ್ತದೆ. ನಾಲ್ಕನೆಯ ಪ್ರಶ್ನೆ, ಹೊಲಿದವರ ಬಾಳಿನದು. ಅದಕ್ಕೆ ಕೊಳ್ಳುವವರು ಒಬ್ಬೊಬ್ಬರಾಗಿ ಉತ್ತರ ಕಂಡುಕೊಳ್ಳಲು ಆಗುವುದಿಲ್ಲ. ಎಷ್ಟು ಬಾಟಲಿ ಕರಗಿಸಿ ಈ ಅಂಗಿ ಮಾಡಿದ್ದೇವೆ ಎಂದು ಚೀಟಿಯ ಮೇಲೆ ಅಚ್ಚು ಹಾಕಲು ಬರುವವರಿಗೆ ಹೊಲಿದವರ ಕೂಲಿ ಎಷ್ಟು ಎಂದು ಅಚ್ಚು ಹಾಕಲೂ ಬರಬೇಕು. ಪಿಎಫ್‌ಎಎಸ್ ಬಿಡಿಸಲು ಕಾನೂನು ಬೇಕಾಯಿತು. ಇದಕ್ಕೂ ಬೇಕಾದೀತು.